ಫೋಬೋಸ್: ಮಂಗಳನ ಕಲ್ಲುಚಂದ್ರ
(ರಾಯದುರ್ಗ–ಮಡಕಶಿರಾ ಸೀಮೆಯ ಕನ್ನಡ ಓದುಗರಿಗಾಗಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಗಡಿನಾಡಿನ ಜನಕ್ಕೆ ವಿಜ್ಞಾನದ ಒಂದು ವಿಷಯವಾದರೂ ತಮ್ಮ ಮಾತಿನಲ್ಲೇ ಕೇಳಲು ಸಿಗಬೇಕು ಎಂಬುದು ಈ ದತ್ತಿಯನ್ನು ಇಟ್ಟವರ ಆಸೆ. ಆ ಆಸೆಗೆ ಮೊದಲು ನಮಸ್ಕಾರ. ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವುದು ಸೂರ್ಯನನ್ನಲ್ಲ, ಗ್ರಹವನ್ನಲ್ಲ. ಮಂಗಳ ಗ್ರಹವನ್ನು ಸುತ್ತುವ ಒಂದು ಸಣ್ಣ ಕಲ್ಲಿನ ಚಂದ್ರನನ್ನು. ಅದರ ಹೆಸರು ಫೋಬೋಸ್. ಅದರ ಜೊತೆಗೆ ಇನ್ನೂ ಚಿಕ್ಕದೊಂದು ಚಂದ್ರ ಇದೆ, ಡೀಮೋಸ್. ಮಂಗಳಕ್ಕೆ ಇರುವುದು ಇವೆರಡೇ.

ಇಷ್ಟು ಚಿಕ್ಕದರ ಮೇಲೆ ಒಂದು ಇಡೀ ಉಪನ್ಯಾಸವೇ ಎಂದು ಕೇಳಬಹುದು. ನನ್ನ ಉತ್ತರ ಇದು: ಸಣ್ಣ ವ್ಯತ್ಯಾಸವನ್ನು ಬಿಡದೆ ಅಳೆಯುವವರಿಗೇ ಆಕಾಶ ತನ್ನ ಲೆಕ್ಕವನ್ನು ಒಪ್ಪಿಸುತ್ತದೆ. ಫೋಬೋಸ್‌ನ ಒಂದೂವರೆ ಶತಮಾನದ ಚರಿತ್ರೆಯಲ್ಲಿ ಈ ಮಾತಿಗೆ ಹೆಜ್ಜೆಹೆಜ್ಜೆಗೂ ಸಾಕ್ಷಿ ಇದೆ. ಆ ಚರಿತ್ರೆಯ ಕೊನೆಯ ಅಧ್ಯಾಯಗಳಲ್ಲಿ ನಮ್ಮ ನೆಲದವರ ಕೈಬರಹವೂ ಇದೆ.

1877ರ ಆಗಸ್ಟ್ ತಿಂಗಳು. ಮಂಗಳ ಗ್ರಹ ಭೂಮಿಗೆ ಬಹಳ ಹತ್ತಿರ ಬಂದಿತ್ತು. ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿ 26 ಅಂಗುಲ ಮಸೂರದ ದೂರದರ್ಶಕವಿತ್ತು. ಆ ಕಾಲಕ್ಕೆ ಅದು ಬಹು ದೊಡ್ಡದು. ಅಸಾಫ್ ಹಾಲ್ ಎಂಬ ಖಗೋಳಜ್ಞ ಅದರ ಮೂಲಕ ಮಂಗಳನ ಆಸುಪಾಸಿನಲ್ಲಿ ಚಂದ್ರಗಳನ್ನು ಹುಡುಕುತ್ತಿದ್ದ. ಗ್ರಹದ ಬೆಳಕೇ ಕಣ್ಣು ಕೋರೈಸುವಷ್ಟಿರುವಾಗ ಪಕ್ಕದ ಮಂಕು ಚುಕ್ಕೆಯನ್ನು ಹಿಡಿಯುವುದು ಕಷ್ಟ. ಹುಡುಕಾಟವನ್ನು ಕೈಬಿಡುವ ಹಂತದಲ್ಲಿದ್ದ ಆತನಿಗೆ ಧೈರ್ಯ ಹೇಳಿ ಮತ್ತೆ ಕೂರಿಸಿದವಳು ಹೆಂಡತಿ ಆ್ಯಂಜೆಲಿನ್ ಸ್ಟಿಕ್ನಿ. ಅವಳೂ ಗಣಿತ ಕಲಿತವಳು. ಆಗಸ್ಟ್ 12ರಂದು ಡೀಮೋಸ್ ಕಂಡಿತು, ಅದಾದ ಒಂದು ವಾರದೊಳಗೆ ಫೋಬೋಸ್. ಫೋಬೋಸ್‌ನ ಮೇಲಿರುವ ಅತಿದೊಡ್ಡ ಕುಳಿಗೆ ಮುಂದೆ ಸ್ಟಿಕ್ನಿ ಎಂದೇ ಹೆಸರಿಟ್ಟರು. ಅದರ ಅಗಲ ಸುಮಾರು 9 ಕಿಲೋಮೀಟರ್.

ಆ ಎರಡು ಚುಕ್ಕೆಗಳು ಸಿಕ್ಕ ಕೂಡಲೇ ಮಂಗಳ ಗ್ರಹವನ್ನು ತೂಗುವುದು ಸಾಧ್ಯವಾಯಿತು. ಇದನ್ನು ಇಲ್ಲಿ ಕುಳಿತಿರುವ ಹತ್ತನೆಯ ತರಗತಿಯ ಮಕ್ಕಳು ಕಾಗದದ ಮೇಲೆ ಮಾಡಬಹುದು. ಫೋಬೋಸ್ ಮಂಗಳನ ಕೇಂದ್ರದಿಂದ ಸುಮಾರು 9,376 ಕಿಲೋಮೀಟರ್ ದೂರದಲ್ಲಿದೆ. ಒಂದು ಸುತ್ತು ಬರಲು ಅದಕ್ಕೆ 7 ಗಂಟೆ 39 ನಿಮಿಷ ಹಿಡಿಯುತ್ತದೆ. ದೂರದ ಘನ, ಕಾಲದ ವರ್ಗ, ನ್ಯೂಟನ್ ಹೇಳಿದ ಗುರುತ್ವ ಸ್ಥಿರಾಂಕ, ಈ ಮೂರನ್ನು ಸೂತ್ರದಲ್ಲಿ ಇಟ್ಟರೆ ಬರುವ ಉತ್ತರ ಭೂಮಿಯ ತೂಕದ ಸುಮಾರು ಒಂಬತ್ತನೆಯ ಒಂದು ಭಾಗ. ಮಂಗಳನ ಮೇಲೆ ಕಾಲಿಡದೆ, ಅಲ್ಲಿಂದ ಒಂದು ಚಿಟಿಕೆ ಮಣ್ಣು ತಾರದೆ, ಒಂದು ಸಣ್ಣ ಕಲ್ಲಿನ ಓಟವನ್ನು ನೋಡಿಯೇ ಗ್ರಹದ ತೂಕ ಹೇಳಬಹುದು. ಚಂದ್ರನಿಲ್ಲದ ಗ್ರಹಗಳ ತೂಕ ಹಿಡಿಯಲು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞರು ವರ್ಷಗಟ್ಟಲೆ ಲೆಕ್ಕ ಹಾಕಬೇಕಾಗಿತ್ತು.

ಈಗ ಫೋಬೋಸ್ ಎಷ್ಟು ದೊಡ್ಡದೆಂದು ನೋಡೋಣ. ಉದ್ದ 27 ಕಿಲೋಮೀಟರ್, ಅಗಲ 22, ಎತ್ತರ 18. ರಾಯದುರ್ಗದಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗುತ್ತದೆ, ಅಷ್ಟೇ. ನಮ್ಮ ಚಂದ್ರನಂತೆ ತನ್ನ ತೂಕದಿಂದಲೇ ಗುಂಡಗಾಗುವ ಶಕ್ತಿ ಅದಕ್ಕಿಲ್ಲ. ಅಲ್ಲಿನ ಸೆಳೆತ ಎಷ್ಟು ಕಡಿಮೆಯೆಂದರೆ, ಈ ಸೀಮೆಯ 50 ಕೆ.ಜಿ. ಶೇಂಗಾ ಮೂಟೆಯನ್ನು ಅಲ್ಲಿ ತೂಗಿದರೆ ಮುಳ್ಳು ತೋರಿಸುವುದು ಸುಮಾರು 30 ಗ್ರಾಂ. ಗಂಟೆಗೆ 40 ಕಿಲೋಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಒಂದು ಕಲ್ಲನ್ನು ಎಸೆದರೆ ಅದು ಮರಳಿ ಬೀಳುವುದಿಲ್ಲ, ಆಕಾಶಕ್ಕೆ ಹೊರಟುಹೋಗುತ್ತದೆ.

ಇನ್ನೊಂದು ಅಳತೆ ನನಗೆ ಬಹಳ ಮುಖ್ಯವೆನಿಸುತ್ತದೆ. ರಾಯದುರ್ಗದ ಕೋಟೆ ಇರುವ ಬೆಟ್ಟ, ಮಡಕಶಿರಾದ ಬೆಟ್ಟ, ಆಚೆ ಪಾವಗಡದ ಬೆಟ್ಟ ಇವೆಲ್ಲ ಈ ದಖ್ಖನ್ನಿನ ಹಳೆಯ ಗ್ರಾನೈಟ್ ಸಂತತಿ. ರಾಮನಗರದಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಗ್ರಾನೈಟಿನ ಒಂದು ಘನ ಸೆಂಟಿಮೀಟರ್ ತುಂಡು 2.6 ಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಫೋಬೋಸ್‌ನ ಸರಾಸರಿ ಸಾಂದ್ರತೆ 1.9 ಗ್ರಾಂ ಕೂಡ ಇಲ್ಲ. ಹಾಗಾದರೆ ಅದು ನಮ್ಮ ಬೆಟ್ಟದ ಕಲ್ಲಿನಂತೆ ಗಟ್ಟಿಯಾದ ಒಂದೇ ಬಂಡೆಯಲ್ಲ. ಒಳಗೆ ಸಂದುಗೊಂದುಗಳಿವೆ, ಅದರ ಗಾತ್ರದ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಖಾಲಿ ಜಾಗ ಇರಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೇಲ್ಮೈ ಬಹಳ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಏಳು ಪಾಲು ಮಾತ್ರ ಹಿಂತಿರುಗುತ್ತದೆ. ಅದರ ಮೈಮೇಲೆ ಉದ್ದುದ್ದ ಗೀರುಗಳಿವೆ. ಸ್ಟಿಕ್ನಿ ಕುಳಿ ಆದಾಗ ಚಿಮ್ಮಿದ ಬಂಡೆಗಳು ಉರುಳಿ ಆದ ಗುರುತು ಅವು ಎಂದು ಕೆಲವರು ಹೇಳಿದರೆ, ಮಂಗಳನ ಸೆಳೆತಕ್ಕೆ ಮೈ ಎಳೆದು ಬಿರಿದ ಗುರುತು ಎಂದು ಬೇರೆಯವರು ಹೇಳುತ್ತಾರೆ. ಚರ್ಚೆ ಮುಗಿದಿಲ್ಲ.

ಮಂಗಳನ ನೆಲದಲ್ಲಿ ನಿಂತು ನೋಡಿದವರಿಗೆ ಫೋಬೋಸ್ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು, ಆದರೆ ಕಾರಣ ಸರಳ. ಮಂಗಳ ತನ್ನ ಸುತ್ತ ತಾನು ಒಮ್ಮೆ ತಿರುಗಲು 24 ಗಂಟೆ 37 ನಿಮಿಷ ಬೇಕು. ಅದೇ ದಿಕ್ಕಿನಲ್ಲಿ ಓಡುವ ಫೋಬೋಸ್ ಎಂಟು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತದೆ. ನೆಲವನ್ನು ಹಿಂದಿಕ್ಕಿ ಓಡುವ ಚಂದ್ರ ಪಶ್ಚಿಮದಿಂದ ಮೇಲೇರಲೇಬೇಕು. ನಾಲ್ಕು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಅದು ಆಕಾಶವನ್ನು ದಾಟುತ್ತದೆ. ಮತ್ತೆ ಸುಮಾರು ಹನ್ನೊಂದು ಗಂಟೆಗೊಮ್ಮೆ ಹುಟ್ಟುತ್ತದೆ. ಮಂಗಳನ ಧ್ರುವಗಳ ಹತ್ತಿರ ನಿಂತವರಿಗೆ ಅದು ಕಾಣುವುದೇ ಇಲ್ಲ, ಅಷ್ಟು ಕೆಳಗೆ ಅದರ ದಾರಿ.

ಈ ಅವಸರದ ಓಟದಲ್ಲೇ ಅದರ ಅಂತ್ಯವೂ ಅಡಗಿದೆ. 1945ರಲ್ಲಿ ಬೆವನ್ ಶಾರ್ಪ್‌ಲೆಸ್ ಎಂಬ ಖಗೋಳಜ್ಞ 1877ರಿಂದ ಕೂಡಿಬಂದಿದ್ದ ವೀಕ್ಷಣೆಗಳನ್ನು ಒಟ್ಟಿಗಿಟ್ಟು ನೋಡಿದರು. ಫೋಬೋಸ್ ಲೆಕ್ಕಕ್ಕಿಂತ ಕೊಂಚ ಮುಂದೆ ಇತ್ತು. ಅಂದರೆ ಅದರ ವೇಗ ಹೆಚ್ಚುತ್ತಿದೆ, ಹಾದಿ ಕುಗ್ಗುತ್ತಿದೆ. 1950ರ ದಶಕದ ಕೊನೆಯಲ್ಲಿ ಸೋವಿಯತ್ ವಿಜ್ಞಾನಿ ಯೋಸಿಫ್ ಶ್ಕ್ಲೋವ್‌ಸ್ಕಿ ಈ ಅಂಕಿಯನ್ನು ಹಿಡಿದು, ಮಂಗಳನ ತೆಳು ಗಾಳಿಯೇ ಅದನ್ನು ತಡೆಯುತ್ತಿದ್ದರೆ ಫೋಬೋಸ್ ಟೊಳ್ಳಾಗಿರಬೇಕು, ಬಹುಶಃ ಯಾರೋ ಕಟ್ಟಿದ್ದಿರಬೇಕು ಎಂಬ ಊಹೆಯನ್ನು ಮುಂದಿಟ್ಟರು. ಜಗತ್ತಿನ ಪತ್ರಿಕೆಗಳಿಗೆ ಅದು ಹಬ್ಬವಾಯಿತು. ಆಮೇಲೆ ಅಳತೆ ಸುಧಾರಿಸಿತು. ವೇಗ ಹೆಚ್ಚುವ ಪ್ರಮಾಣ ಮೊದಲು ಅಂದುಕೊಂಡಷ್ಟಿಲ್ಲ ಎಂದು ತಿಳಿಯಿತು. 1971ರಲ್ಲಿ ಮ್ಯಾರಿನರ್ 9 ನೌಕೆ ಹತ್ತಿರದ ಚಿತ್ರಗಳನ್ನು ಕಳಿಸಿದಾಗ ಅಲ್ಲಿ ಕಂಡದ್ದು ಕುಳಿಬಿದ್ದ ಕಲ್ಲು. ಶ್ಕ್ಲೋವ್‌ಸ್ಕಿ ದೊಡ್ಡ ವಿಜ್ಞಾನಿ, ಅದರಲ್ಲಿ ಅನುಮಾನವಿಲ್ಲ. ಫೋಬೋಸ್‌ನ ಒಂದು ಕುಳಿಗೆ ಅವರ ಹೆಸರೂ ಇದೆ. ಎಂಥ ದೊಡ್ಡವರ ಊಹೆಯಾದರೂ ಅಳತೆಗೆ ತಲೆಬಾಗಬೇಕು ಎಂಬುದೇ ವಿಜ್ಞಾನದ ಧರ್ಮ.

ನಿಜವಾದ ಕಾರಣ ಉಬ್ಬರದ ಸೆಳೆತ. ಫೋಬೋಸ್ ತನ್ನ ಕೆಳಗಿನ ಮಂಗಳನ ಮೈಯನ್ನು ಬಹಳ ಸೂಕ್ಷ್ಮವಾಗಿ ಉಬ್ಬಿಸುತ್ತದೆ. ಆದರೆ ಚಂದ್ರನ ಓಟ ಜೋರು, ಗ್ರಹದ ತಿರುಗಾಟ ನಿಧಾನ. ಉಬ್ಬು ಯಾವಾಗಲೂ ಚಂದ್ರನ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಉಬ್ಬು ಚಂದ್ರನನ್ನು ಹಿಂದಕ್ಕೆ ಎಳೆಯುತ್ತದೆ, ಚಂದ್ರ ಶಕ್ತಿ ಕಳೆದುಕೊಂಡು ಕೆಳಗಿಳಿಯುತ್ತದೆ. ಇಳಿಯುವ ಪ್ರಮಾಣ ವರ್ಷಕ್ಕೆ ಸುಮಾರು 1.8 ಸೆಂಟಿಮೀಟರ್. ನಮ್ಮ ಚಂದ್ರನ ಕಥೆ ಇದಕ್ಕೆ ತಿರುಗುಮುರುಗು. ಭೂಮಿ ಬೇಗ ತಿರುಗುತ್ತದೆ, ಚಂದ್ರ ನಿಧಾನ. ಉಬ್ಬರ ಚಂದ್ರನಿಗಿಂತ ಮುಂದೆ ಸಾಗಿ ಅವನನ್ನು ಮುಂದಕ್ಕೆ ಎಳೆಯುತ್ತದೆ. ಹಾಗಾಗಿ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ. 1969ರಿಂದ ಚಂದ್ರನ ಮೇಲೆ ಇಟ್ಟಿರುವ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಇದನ್ನು ಅಳೆದಿದ್ದಾರೆ. ನಿಯಮ ಒಂದೇ. ಒಂದು ಚಂದ್ರ ಬಳಿ ಬರುತ್ತಿದೆ, ಇನ್ನೊಂದು ದೂರ ಹೋಗುತ್ತಿದೆ.

ಇನ್ನು ಮೂರರಿಂದ ಐದು ಕೋಟಿ ವರ್ಷಗಳಲ್ಲಿ ಫೋಬೋಸ್ ಮಂಗಳನ ಸೆಳೆತಕ್ಕೆ ಸಿಕ್ಕಿ ಚೂರಾಗಿ ಗ್ರಹದ ಸುತ್ತ ಉಂಗುರವಾಗಬಹುದು, ಇಲ್ಲವೇ ನೆಲಕ್ಕೆ ಅಪ್ಪಳಿಸಬಹುದು. ಚಂದ್ರನ ಕೊನೆಯ ಮಾತು ಬಂದಾಗ ಇಲ್ಲಿನ ಹಳೆಯ ಶಾಸನಗಳು ನೆನಪಾಗುತ್ತವೆ. ಮಡಕಶಿರಾ ಸೀಮೆಯವರಿಗೆ ಹೇಮಾವತಿ ಎಂಬ ಊರು ಗೊತ್ತು. ಹೆಂಜೇರು ಎಂಬ ಹೆಸರಿನಲ್ಲಿ ಅದು ನೊಳಂಬರ ರಾಜಧಾನಿಯಾಗಿತ್ತು. ಆ ಕಾಲದ ಕನ್ನಡ ಶಾಸನಗಳಲ್ಲಿ ದಾನ ಕೊಟ್ಟವರು ಸೂರ್ಯಚಂದ್ರರಿರುವ ತನಕ ಅದು ನಡೆಯಲಿ ಎಂದು ಬರೆಸುತ್ತಿದ್ದರು. ಕಲ್ಲಿನ ನೆತ್ತಿಯಲ್ಲಿ ಇಬ್ಬರನ್ನೂ ಕೆತ್ತಿಸುವುದು ರೂಢಿಯಾಗಿತ್ತು. ಮನುಷ್ಯನಿಗೆ ಗೊತ್ತಿದ್ದ ಅತಿ ದೀರ್ಘ ಕಾಲ ಅದು. ಚಂದ್ರನಿಗೂ ಒಂದು ಆಯುಷ್ಯವಿದೆ, ಅದನ್ನು ಸೆಂಟಿಮೀಟರಿನಲ್ಲಿ ಅಳೆದು ಹೇಳಬಹುದು ಎಂಬ ಅರಿವು ಆ ಕಲ್ಲುಗಳು ನಿಂತು ಸಾವಿರ ವರ್ಷವಾದ ಮೇಲೆ ಬಂದದ್ದು. ಈ ಅರಿವಿನಿಂದ ಶಾಸನದ ಮಾತಿನ ಘನತೆ ಕುಗ್ಗುವುದಿಲ್ಲ. ದಾನ ಮಾಡಿದವರ ಮನಸ್ಸು ದೊಡ್ಡದು. ಅಳೆದವರ ತಾಳ್ಮೆಯೂ ಅಷ್ಟೇ ದೊಡ್ಡದು.

ಇನ್ನು ನಮ್ಮವರ ಪಾಲಿನ ಕೆಲಸ. 2013ರ ನವೆಂಬರ್ 5ರ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ ಆಂಧ್ರದ ಶ್ರೀಹರಿಕೋಟಾದಿಂದ ಇಸ್ರೋದ ಮಂಗಳಯಾನ ನೌಕೆ ಹೊರಟಿತು. ಅದನ್ನು ನಡೆಸಿದ್ದು ಬೆಂಗಳೂರಿನ ಪೀಣ್ಯದ ಕೇಂದ್ರದಿಂದ. ಅದರ ಮಾತು ಕೇಳಿಸಿಕೊಂಡದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳು ಹಳ್ಳಿಯಲ್ಲಿರುವ 32 ಮೀಟರ್ ಅಗಲದ ಆಂಟೆನಾ. ಎರಡು ರಾಜ್ಯಗಳ ನಡುವೆ ಬದುಕುವ ನಿಮಗೆ ಇದನ್ನು ನಿಮ್ಮ ಯಾನ ಎಂದು ಹೇಳಿಕೊಳ್ಳಲು ಎಲ್ಲ ಹಕ್ಕೂ ಇದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಸುಮಾರು ಮುನ್ನೂರು ದಿನ ಸುಮ್ಮನಿದ್ದ ಮುಖ್ಯ ಎಂಜಿನ್ ಮತ್ತೆ ಹೊತ್ತಿಕೊಂಡು ಸುಮಾರು 23 ನಿಮಿಷ ಉರಿಯಿತು. ನೌಕೆ ಮಂಗಳನ ಕಕ್ಷೆಗೆ ಸೇರಿತು. ಅಲ್ಲಿಂದ ಸುದ್ದಿ ಭೂಮಿಗೆ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು. ಒಟ್ಟು ಖರ್ಚು 450 ಕೋಟಿ ರೂಪಾಯಿ. ಹೊತ್ತ ಉಪಕರಣಗಳು ಐದು, ಎಲ್ಲ ಸೇರಿ ಸುಮಾರು 15 ಕೆ.ಜಿ.

ಆ ಐದರಲ್ಲಿ ಬಣ್ಣದ ಕ್ಯಾಮೆರಾದ ತೂಕ ಒಂದೂಕಾಲು ಕೆ.ಜಿ.ಯಷ್ಟು. ಅದು ಸಿದ್ಧವಾದದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ. ಆಗ ಅದರ ನಿರ್ದೇಶಕರಾಗಿದ್ದವರು ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. 2014ರ ಅಕ್ಟೋಬರಿನಲ್ಲಿ ಆ ಕ್ಯಾಮೆರಾ ಮಂಗಳನಿಂದ 66,275 ಕಿಲೋಮೀಟರ್ ಮೇಲಿನಿಂದ, ಕೆಂಪು ನೆಲದ ಮೇಲೆ ಹಾದುಹೋಗುತ್ತಿದ್ದ ಫೋಬೋಸ್ ಎಂಬ ಕಪ್ಪು ಚುಕ್ಕೆಯನ್ನು ಹಿಡಿಯಿತು. ಅದೇ ತಿಂಗಳು ಡೀಮೋಸ್‌ನ ಆಚೆ ಮಗ್ಗುಲನ್ನೂ ಕಂಡಿತು. ಡೀಮೋಸ್ ಯಾವಾಗಲೂ ಒಂದೇ ಮುಖವನ್ನು ಮಂಗಳನಿಗೆ ತೋರಿಸುತ್ತದೆ. ಬೇರೆ ದೇಶಗಳ ಹೆಚ್ಚಿನ ನೌಕೆಗಳು ಅದರ ಕಕ್ಷೆಯ ಒಳಗೇ ಸುತ್ತುವುದರಿಂದ ಅವಕ್ಕೆ ಕಾಣುವುದು ಆ ಮುಖ ಮಾತ್ರ. ನಮ್ಮ ನೌಕೆಯ ಹಾದಿ ಬಹಳ ಉದ್ದನೆಯ ಅಂಡಾಕಾರ, ದೂರದ ತುದಿಯಲ್ಲಿ ಸುಮಾರು 77,000 ಕಿಲೋಮೀಟರ್. ಡೀಮೋಸ್ ಇರುವುದು ಮಂಗಳನ ಕೇಂದ್ರದಿಂದ 23,460 ಕಿಲೋಮೀಟರಿನಲ್ಲಿ. ರಾಕೆಟ್ಟಿನ ಶಕ್ತಿ ಕಡಿಮೆಯೆಂದು, ಇಂಧನ ಉಳಿಸಬೇಕೆಂದು ಒಪ್ಪಿಕೊಂಡ ಆ ಉದ್ದನೆಯ ಹಾದಿಯೇ ಅಪರೂಪದ ನೋಟವನ್ನು ಕೊಟ್ಟಿತು.

2020ರ ಜುಲೈ 1ರಂದು ಅದೇ ಕ್ಯಾಮೆರಾ ಫೋಬೋಸ್‌ನಿಂದ 4,200 ಕಿಲೋಮೀಟರ್ ದೂರದಲ್ಲಿತ್ತು. ಆರು ಚಿತ್ರಗಳನ್ನು ಜೋಡಿಸಿ ಮಾಡಿದ ಒಂದು ಬಣ್ಣದ ಚಿತ್ರವನ್ನು ಇಸ್ರೋ ಬಿಡುಗಡೆ ಮಾಡಿತು. 210 ಮೀಟರಿನಷ್ಟು ವಿವರ ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ: ಸ್ಟಿಕ್ನಿ, ಶ್ಕ್ಲೋವ್‌ಸ್ಕಿ, ರೋಶ್, ಗ್ರಿಲ್ಡ್ರಿಗ್ ಎಂಬ ಕುಳಿಗಳು. ಆರು ತಿಂಗಳ ಕೆಲಸಕ್ಕೆಂದು ಕಳಿಸಿದ ನೌಕೆ ಆರನೆಯ ವರ್ಷದಲ್ಲಿ ಈ ಚಿತ್ರ ಕೊಟ್ಟಿತು. 2022ರ ಏಪ್ರಿಲಿನಲ್ಲಿ ಅದರ ಸಂಪರ್ಕ ತಪ್ಪಿತು. ಆ ವರ್ಷದ ಅಕ್ಟೋಬರಿನಲ್ಲಿ ಯಾನ ಮುಗಿಯಿತೆಂದು ಇಸ್ರೋ ತಿಳಿಸಿತು.

ಈ ಯಾನದ ಉಪಕರಣಗಳನ್ನು ಪರಿಶೀಲಿಸಿದ ಸಲಹಾ ಸಮಿತಿಯ ಮುಖ್ಯಸ್ಥರು ಪ್ರೊ. ಯು.ಆರ್. ರಾವ್. ಉಡುಪಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. 1975ರ ಆರ್ಯಭಟ ಉಪಗ್ರಹವನ್ನು ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿಸಿದವರು. ಅವರು ಇಂಟರ್ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, ಬಿ.ಎಸ್ಸಿ. ಪದವಿ ಪಡೆದದ್ದು 1951ರಲ್ಲಿ, ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ. ಆ ಹೊತ್ತಿಗೆ ರಾಯದುರ್ಗ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಬಂತು. 2022ರಲ್ಲಿ ಜಿಲ್ಲೆಗಳು ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಹೀಗೆ ಸರಿಯುತ್ತಲೇ ಇರುತ್ತವೆ. ಮಂಗಳನವರೆಗೆ ಹೋದ ವಿದ್ಯೆಯ ಮೊದಲ ಮೆಟ್ಟಿಲುಗಳಲ್ಲಿ ಎರಡು ರಾಯದುರ್ಗದ ಎಡಬಲದ ಊರುಗಳಲ್ಲಿದ್ದವು ಎಂಬ ಸಂಗತಿ ಮಾತ್ರ ಸರಿಯುವುದಿಲ್ಲ.

ಮಡಕಶಿರಾದ ಮಕ್ಕಳು ನೆನಪಿಡಬೇಕಾದ ಇನ್ನೊಂದು ಹೆಸರು ಎಚ್. ನರಸಿಂಹಯ್ಯ. ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬಡತನದಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ ಮುಂದೆ ಭೌತವಿಜ್ಞಾನಿಯಾಗಿ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಿಜ್ಞಾನವನ್ನು ಜನರ ಮುಂದೆ ತಂದರು. ಕಿರಣ್ ಕುಮಾರ್ ಓದಿದ್ದೂ ಅದೇ ಕಾಲೇಜಿನಲ್ಲಿ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬುದು ನರಸಿಂಹಯ್ಯನವರ ಬದುಕಿನ ಪಾಠ. ಅದನ್ನು ಮಂಗಳನ ವಿಷಯದಲ್ಲೇ ಒಂದು ಸಲ ಅನ್ವಯಿಸಬೇಕಾಗಿದೆ. ಕುಜದೋಷದ ಹೆಸರಿನಲ್ಲಿ ಇಂದಿಗೂ ಹೆಣ್ಣುಮಕ್ಕಳ ಮದುವೆಗಳು ಮುರಿಯುತ್ತವೆ, ತಂದೆತಾಯಿ ಕಣ್ಣೀರಿಡುತ್ತಾರೆ. ಒಂದೂಕಾಲು ಕೆ.ಜಿ. ಕ್ಯಾಮೆರಾ ಆ ಗ್ರಹದ ಕಣಿವೆ, ಧೂಳು, ಅದರ ಕಲ್ಲುಚಂದ್ರಗಳನ್ನು ತೋರಿಸಿದ ಮೇಲೂ ಒಂದು ಹುಡುಗಿಯ ಬಾಳಿನ ಮೇಲೆ ಆ ಕಲ್ಲುಮಣ್ಣಿನ ಹೊರೆ ಹೊರಿಸುವುದು ಅನ್ಯಾಯ. ಇದನ್ನು ಬಿಡಬೇಕು.

ಫೋಬೋಸ್‌ನ ಹುಟ್ಟು ಇನ್ನೂ ತೀರ್ಮಾನವಾಗದ ಪ್ರಶ್ನೆ. ಅದರ ಕಪ್ಪು ಮೈ ನೋಡಿದರೆ ಕ್ಷುದ್ರಗ್ರಹವೊಂದು ಮಂಗಳನ ಸೆಳೆತಕ್ಕೆ ಸಿಕ್ಕಿದಂತಿದೆ. ಅದರ ಹಾದಿ ನೋಡಿದರೆ ಬಹುಪಾಲು ವೃತ್ತಾಕಾರ, ಗ್ರಹದ ನಡುಗೆರೆಯ ಮೇಲೇ ಇದೆ. ಸೆರೆಸಿಕ್ಕ ಕಲ್ಲಿಗೆ ಇಂಥ ಅಚ್ಚುಕಟ್ಟು ಹಾದಿ ಸುಲಭವಲ್ಲ. ಹಿಂದೊಮ್ಮೆ ಮಂಗಳಕ್ಕೆ ದೊಡ್ಡ ಹೊಡೆತ ಬಿದ್ದು, ಎದ್ದ ಚೂರುಗಳು ಸೇರಿ ಆದ ಚಂದ್ರ ಇದು ಎಂಬುದು ಎರಡನೆಯ ವಾದ. ತೀರ್ಪು ಹೇಳಲು ಅಲ್ಲಿನ ಮಣ್ಣೇ ಬೇಕು. ರಷ್ಯದ ನೌಕೆ 2011ರಲ್ಲಿ ಅದಕ್ಕೆಂದೇ ಹೊರಟು ಭೂಮಿಯ ಕಕ್ಷೆಯನ್ನು ದಾಟಲಾಗದೆ ಮರುವರ್ಷ ಜನವರಿಯಲ್ಲಿ ಬಿದ್ದುಹೋಯಿತು. ಈಗ ಜಪಾನಿನ ಬಾಹ್ಯಾಕಾಶ ಸಂಸ್ಥೆ ಎಂಎಂಎಕ್ಸ್ ಎಂಬ ಯಾನದ ಮೂಲಕ ಫೋಬೋಸ್‌ನ ಮೇಲಿಳಿದು ಕನಿಷ್ಠ 10 ಗ್ರಾಂ ಮಣ್ಣು ತರುವ ಗುರಿ ಇಟ್ಟುಕೊಂಡಿದೆ. ಆ ಮಣ್ಣು ಬಂದ ದಿನ ಇಂದಿನ ಶಾಲಾಮಕ್ಕಳಲ್ಲಿ ಕೆಲವರು ಅದನ್ನು ಪರೀಕ್ಷಿಸುವ ವಯಸ್ಸಿಗೆ ಬಂದಿರುತ್ತಾರೆ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಎರಡು. ಮೊದಲನೆಯದು, ಮಂಗಳನ ತೂಕದ ಲೆಕ್ಕವನ್ನು ನಿಮ್ಮ ತರಗತಿಯ ಕಪ್ಪುಹಲಗೆಯ ಮೇಲೆ ಕನ್ನಡದಲ್ಲಿ ಮಾಡಿ ತೋರಿಸಿ. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ, ಡಿ. ಹಿರೇಹಾಳು ಭಾಗದ ಕನ್ನಡ ಶಾಲೆಗಳಲ್ಲಿ ಪುಸ್ತಕ ತಡವಾಗಬಹುದು, ಅಧ್ಯಾಪಕರು ಸಾಲದೆ ಹೋಗಬಹುದು. ಈ ಲೆಕ್ಕಕ್ಕೆ ಬೇಕಾದದ್ದು ಸೀಮೆಸುಣ್ಣ ಮತ್ತು ಒಂದು ಗಂಟೆ. ಎರಡನೆಯದು, 2027ರ ಫೆಬ್ರವರಿ 19ರ ಆಸುಪಾಸಿನಲ್ಲಿ ಮಕ್ಕಳನ್ನು ಬಯಲಿಗೆ ಕರೆತನ್ನಿ. ಅಂದು ಭೂಮಿಯಿಂದ ನೋಡಿದರೆ ಮಂಗಳ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುತ್ತದೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ, ಸಿಂಹ ರಾಶಿಯ ಮಖಾ ನಕ್ಷತ್ರದ ಹತ್ತಿರ ಮೇಲೇಳುತ್ತದೆ. ಗುರುಗ್ರಹವೂ ಅದೇ ಕಡೆ ಹೊಳೆಯುತ್ತಿರುತ್ತದೆ, ಕೆಂಪಗಿರುವುದು ಮಂಗಳ. ಫೋಬೋಸ್ ಬರಿಗಣ್ಣಿಗೆ ಕಾಣುವುದಿಲ್ಲ, ಶಾಲೆಯ ಸಣ್ಣ ದೂರದರ್ಶಕಕ್ಕೂ ಕಾಣುವುದಿಲ್ಲ. ಅದು ಅಲ್ಲಿದೆ, ಎಂಟು ಗಂಟೆಯೊಳಗೆ ಒಂದು ಸುತ್ತು ಬರುತ್ತಿದೆ, ಅದರ ಲೆಕ್ಕವನ್ನು ನೀವೇ ಮಾಡಿದ್ದೀರಿ ಎಂದು ಮಕ್ಕಳಿಗೆ ಹೇಳಿ. ಮಳೆ ಕಡಿಮೆಯಾದ ಈ ಸೀಮೆಗೆ ಫೆಬ್ರವರಿಯಲ್ಲಿ ತಿಳಿಯಾದ ಆಕಾಶವಿದೆ. ಅದನ್ನು ಮಕ್ಕಳ ಪಾಲಿಗೆ ಬಳಸಿಕೊಳ್ಳಿ.